ಹೊಸ ಕಿಟ್ ತರಿಸುವ ಮುನ್ನ ಪೆಗ್ ಬಾಟಲಿ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ವಿಜ್ಞಾನ ಪುಟದಲ್ಲಿ ಪ್ರೋಟೀನ್ ಸ್ಫಟಿಕಗಳ ಬಗ್ಗೆ ಬಂದ ಲೇಖನ ಸೊಗಸಾಗಿತ್ತು. ಆದರೆ ಕಿಟ್‌ಗಳ (ಸ್ಫಟಿಕ ಬೆಳೆಸಿ ನೋಡಲು ಬರುವ ಸಿದ್ಧ ದ್ರಾವಣಗಳ ಪೆಟ್ಟಿಗೆ) ಸಂಖ್ಯೆ ಹೆಚ್ಚಿದಷ್ಟೂ ಸ್ಫಟಿಕ ಸಿಗುವ ಸಾಧ್ಯತೆ ಹೆಚ್ಚುತ್ತದೆ ಎಂಬ ಅದರ ಧಾಟಿಯನ್ನು ಸಂಶೋಧನಾ ವಿದ್ಯಾರ್ಥಿಗಳು ಹಾಗೆಯೇ ನಂಬಿಬಿಟ್ಟರೆ ಕಷ್ಟ. 96 ಗುಳಿಯ ಎರಡು ಕಿಟ್‌ಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡಿ: ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್, ಪ್ರೋಟೀನನ್ನು ದ್ರಾವಣದಿಂದ ಹೊರಬರಿಸುವ ಪಾಲಿಮರ್) 3350, 4000, 8000 ಮತ್ತೆ ಮತ್ತೆ ಬರುತ್ತವೆ. ಈ ಸಂಖ್ಯೆ ಅದರ ಅಣುವಿನ ಸರಾಸರಿ ತೂಕ. 3350ಕ್ಕೂ 4000ಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದು ಅಪರೂಪ. 6000 ಮತ್ತು 8000ರ ಕಥೆಯೂ ಅಷ್ಟೆ.

1976ರಲ್ಲಿ ಅಲೆಕ್ಸಾಂಡರ್ ಮ್ಯಾಕ್‌ಫರ್ಸನ್ ಪೆಗ್‌ನ ಉಪಯೋಗವನ್ನು ತೋರಿಸಿಕೊಟ್ಟಾಗಿನಿಂದ ಅದೇ ಮೊದಲ ಆಯ್ಕೆ. ಆದರೆ ಸರಪಳಿಯ ಉದ್ದ ಬದಲಾದರೆ ಗುಣವೂ ಬದಲಾಗುತ್ತದೆ. ಪೆಗ್ 400 ದ್ರವರೂಪದ್ದು; 25–35% ಬೇಕು. ಸಾವಯವ ದ್ರಾವಕದಂತೆ ವರ್ತಿಸುತ್ತದೆ, 30% ದಾಟಿದರೆ ಸ್ಫಟಿಕವನ್ನು ದ್ರವ ಸಾರಜನಕದಲ್ಲಿ ತಣಿಸುವಾಗ ಮಂಜುಗಟ್ಟದಂತೆ ಕಾಯುವ ಬೇರೆ ರಕ್ಷಕ ಸಾಮಾನ್ಯವಾಗಿ ಬೇಕಿಲ್ಲ. ಪೆಗ್ 3350 ಜಾಗ ಆಕ್ರಮಿಸಿ ಪ್ರೋಟೀನ್ ಅಣುಗಳನ್ನು ಒತ್ತಟ್ಟಿಗೆ ತಳ್ಳುತ್ತದೆ, 15–25% ಸಾಕು. ಪೆಗ್ 20000 ಆದರೆ 5–12%. ಈ ಮೂರರ ಜೊತೆ ಬೇರೆ ಜಾತಿಯ ಪಾಲಿಮರ್ ಒಂದು ಇರಲಿ: ಪೆಗ್ 2000 ಮಾನೋಮೀಥೈಲ್ ಈಥರ್, ಜೆಫಮೈನ್ ಅಥವಾ ಪೆಂಟಾಎರಿಥ್ರಿಟಾಲ್ ಪ್ರೊಪಾಕ್ಸಿಲೇಟ್. ಪಾಲಿಅಕ್ರಿಲೇಟ್ ಕೂಡ ಒಳ್ಳೆಯದೇ, ಆದರೆ ಅದಕ್ಕೆ ಋಣ ವಿದ್ಯುದಂಶವಿದೆ. ಕ್ಯಾಲ್ಸಿಯಂ ಸೇರಿದರೆ ಪಾಲಿಮರೇ ಗಸಿಯಾಗಿ ಕೂರುತ್ತದೆ. ಅದನ್ನು ಪ್ರೋಟೀನ್ ಎಂದು ಭ್ರಮಿಸುವವರಿಗೆ ಕೊರತೆಯಿಲ್ಲ.

ಉಪ್ಪಿನ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ದೊಡ್ಡ ಪೆಗ್‌ಗೆ ಫಾಸ್ಫೇಟ್, ಸಲ್ಫೇಟ್ ಅಥವಾ ಸಿಟ್ರೇಟ್ ಹೆಚ್ಚಾಗಿ ಬೆರೆಸಿದರೆ ದ್ರಾವಣ ಎರಡು ಪದರವಾಗಿ ಒಡೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ಎಣ್ಣೆಯಂಥ ಗುಂಡು ಹನಿಗಳು ಕಂಡರೆ, ಪ್ರೋಟೀನ್ ಇಲ್ಲದೆ ಬರೀ ಬಫರ್ (ಪಿಎಚ್ ಹಿಡಿದಿಡುವ ದ್ರಾವಣ) ಹಾಕಿದ ಪ್ರಯೋಗದ ಹನಿಯಲ್ಲೂ ಅವು ಇವೆಯೇ ಎಂದು ನೋಡಿ. ಅಲ್ಲೂ ಇದ್ದರೆ ಪ್ರೋಟೀನ್‌ನ ತಪ್ಪೇನಿಲ್ಲ.

ಹೆಚ್ಚಿನವರ ಗಮನಕ್ಕೇ ಬಾರದ ತೊಂದರೆ ಇನ್ನೊಂದಿದೆ. ಪ್ರೋಟೀನ್ ಮತ್ತು ಕಿಟ್ ದ್ರಾವಣ ಬೆರೆಸಿದ ಸಣ್ಣ ಹನಿಯನ್ನು ಅದೇ ದ್ರಾವಣದ ತೊಟ್ಟಿಯ (ರಿಸರ್ವಾಯರ್) ಜೊತೆ ಮುಚ್ಚಿಡುತ್ತೇವೆ; ಹನಿಯ ನೀರು ಆವಿಯಾಗಿ ತೊಟ್ಟಿಗೆ ಸರಿದು ಹನಿ ಕುಗ್ಗಬೇಕು. ಪ್ರೋಟೀನ್ ಬಫರ್‌ನಲ್ಲಿ 500 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ಇದ್ದು, ಕೆಳಗಿನ ರಿಸರ್ವಾಯರ್‌ನಲ್ಲಿ ಬರೀ 20% ಪೆಗ್ 3350 ಇದೆ ಎನ್ನಿ. ಸಮಪಾಲು ಬೆರೆಸಿದ ಹನಿಯಲ್ಲಿ ಉಪ್ಪು 250 ಮಿಲಿಮೋಲಾರ್ ಉಳಿಯುತ್ತದೆ. ತೂಕದಲ್ಲಿ ಪೆಗ್ ಎಷ್ಟಿದ್ದರೂ ಅಣುಗಳ ಲೆಕ್ಕದಲ್ಲಿ ಕಡಿಮೆ. ಹಾಗಾಗಿ ನೀರನ್ನು ಎಳೆಯುವುದರಲ್ಲಿ ಉಪ್ಪೇ ಗೆಲ್ಲುತ್ತದೆ. ಹನಿ ಕುಗ್ಗುವ ಬದಲು ಉಬ್ಬುತ್ತದೆ, ವಾರಗಟ್ಟಲೆ ನಿಚ್ಚಳವಾಗಿಯೇ ಉಳಿಯುತ್ತದೆ. ಪ್ರೋಟೀನ್ ತಡೆದುಕೊಳ್ಳುವುದಾದರೆ ಉಪ್ಪನ್ನು 50–100 ಮಿಲಿಮೋಲಾರ್‌ಗೆ ಇಳಿಸಿ. ಇಲ್ಲವೇ ಹನಿ ಇಟ್ಟಾದ ಮೇಲೆ ರಿಸರ್ವಾಯರ್‌ಗೂ ಪ್ರೋಟೀನ್ ಬಫರ್‌ನಲ್ಲಿರುವಷ್ಟೇ ಸಾಂದ್ರತೆಯ ಉಪ್ಪು ಸೇರಿಸಿ ಮುಚ್ಚಿ. ಒಂದು ಚಿಟಿಕೆ ಉಪ್ಪಿನ ಈ ಖರ್ಚು ಯಾವ ಕಿಟ್‌ಗಿಂತಲೂ ಅಗ್ಗ.

ಸ್ಟಾಕ್ (ಬೇಕಾದಾಗ ತೆಳುವಾಗಿಸಿ ಬಳಸುವ ಗಟ್ಟಿ ದ್ರಾವಣ) ತಯಾರಿಕೆಯಲ್ಲೂ ಎಡವಟ್ಟಾಗುತ್ತದೆ. 50 ಗ್ರಾಂ ಪೆಗ್ 8000ಕ್ಕೆ 50 ಮಿಲಿ ನೀರು ಹಾಕಿದರೆ ಒಟ್ಟು ಸುಮಾರು 92 ಮಿಲಿ ಆಗುತ್ತದೆ. 100 ಮಿಲಿಗೆ ಎಷ್ಟು ಗ್ರಾಂ ಎಂಬ ಲೆಕ್ಕದಲ್ಲಿ ಅದು 50% ಅಲ್ಲ, 54%. ಬೆಚ್ಚಗಿನ ನೀರಿನಲ್ಲಿ ಕಲಕುತ್ತಾ ಪೂರ್ತಿ ಕರಗಿಸಿ, ತಣಿದ ಮೇಲೆ ಅಳತೆ ಜಾಡಿಯಲ್ಲಿ 100 ಮಿಲಿಗೆ ತುಂಬಿಸಿ. ಈ ಮಂದ ದ್ರಾವಣವನ್ನು ಪಿಪೆಟ್ ಸದಾ ಕಡಿಮೆ ಬಿಡುತ್ತದೆ. 1 ಮಿಲಿ ತೂಗಿ ನೋಡಿ, 1.08 ಗ್ರಾಂ ಆಸುಪಾಸು ಇರಬೇಕು.

ಬೆಳಕು, ಗಾಳಿಗೆ ತೆರೆದುಕೊಂಡ ಪೆಗ್ ಹಳಸುತ್ತದೆ. ಪೆರಾಕ್ಸೈಡ್, ಆಲ್ಡಿಹೈಡ್ ಹುಟ್ಟಿ ಪಿಎಚ್ ಇಳಿಯುತ್ತದೆ, ಪ್ರೋಟೀನ್‌ನ ಸಿಸ್ಟೀನ್ ಎಂಬ ಅಮೈನೋ ಆಮ್ಲಗಳು ಉತ್ಕರ್ಷಣಗೊಳ್ಳುತ್ತವೆ. ಪೆರಾಕ್ಸೈಡ್ ಪಟ್ಟಿ ಅದ್ದಿದರೆ ನಿಮಿಷದೊಳಗೆ ಗೊತ್ತಾಗುತ್ತದೆ. ಸ್ಟಾಕನ್ನು ಸಣ್ಣ ಭಾಗಗಳಾಗಿ ಹಂಚಿ, ಕತ್ತಲಲ್ಲಿ, ಮೈನಸ್ 20 ಡಿಗ್ರಿಯಲ್ಲಿ ಇಡಿ. ತಯಾರಕರ ಹೆಸರು, ಬ್ಯಾಚ್ ಸಂಖ್ಯೆ ಬರೆದಿಡುವುದು ಕಡ್ಡಾಯ: ಪೆಗ್‌ನಲ್ಲಿ ಉಳಿದಿರುವ ಫಾಸ್ಫೇಟ್‌ನಂಥ ಕಲ್ಮಶ ಕಂಪನಿಯಿಂದ ಕಂಪನಿಗೆ ಬೇರೆ. ಒಂದು ಬಾಟಲಿಯಲ್ಲಿ ಬೆಳೆದ ಸ್ಫಟಿಕ ಇನ್ನೊಂದರಲ್ಲಿ ಬೆಳೆಯದೆ ಹೋಗುವುದು ಈ ಕ್ಷೇತ್ರದಲ್ಲಿ ತೀರಾ ಮಾಮೂಲು.

ಇಷ್ಟು ಸರಿಪಡಿಸಿದ ಮೇಲೂ ಮುಕ್ಕಾಲು ಪಾಲು ಹನಿಗಳು ನಿಚ್ಚಳವಾಗಿದ್ದರೆ ಪ್ರೋಟೀನ್ ಸಾಂದ್ರತೆಯನ್ನು ದುಪ್ಪಟ್ಟು ಮಾಡಿ. ಮುಕ್ಕಾಲು ಪಾಲು ಕಂದು ಗಸಿಯಾದರೆ ಅರ್ಧಕ್ಕೆ ಇಳಿಸಿ. ಆಮೇಲೂ ಫಲ ಸಿಗದಿದ್ದರೆ ಹೊಸ ಕಿಟ್ ತರಿಸಿ.

– ಪ್ರೋಟೀನ್ ಸ್ಫಟಿಕ ಅಧ್ಯಯನದಲ್ಲಿ ತೊಡಗಿರುವ ಓದುಗರು, ಬೆಂಗಳೂರು