ಹುಟ್ಟುವ ಕೂಸಿನ ತಲೆ ಮೇಲಿನ ಸಾಲ

ಧಾರವಾಡ
ನವೆಂಬರ್ 2025

ಪ್ರೀತಿಯ ಪುಟ್ಟಿಗೆ,

ಮಾಮಾನ ಆಶೀರ್ವಾದಗಳು. ಕರ್ತನ ಕೃಪೆ ನಿಮ್ಮಿಬ್ಬರ ಮೇಲೂ, ಹೊಟ್ಟೆಯಲ್ಲಿರುವ ಕೂಸಿನ ಮೇಲೂ ಇರಲಿ.

ನಿನ್ನ ಪತ್ರ ಬಂದು ಮೂರು ದಿನವಾಯಿತು. ಮನೆ, ನೌಕರಿ, ಡಾಕ್ಟರ್ ಹೇಳಿದ್ದು ಎಲ್ಲ ಓದಿ ಖುಷಿಪಟ್ಟೆ. ಆದರೆ ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯಲ್ಲ, ಅದನ್ನು ಓದಿದ ಮೇಲೆ ಸರಿಯಾಗಿ ನಿದ್ದೆಯಿಲ್ಲ. ಸರ್ಕಾರದ ಸಾಲವನ್ನು ಹಂಚಿದರೆ ಒಬ್ಬೊಬ್ಬರ ತಲೆಗೆ ಒಂದು ಲಕ್ಷಕ್ಕೂ ಜಾಸ್ತಿ ಬರುತ್ತದೆ ಅಂತ ಪ್ರಾರ್ಥನಾ ಕೂಟದಲ್ಲಿ ಯಾರೋ ಹೇಳಿದರಂತೆ. ಸಾಲಗಾರ ಸಾಲ ಕೊಟ್ಟವನ ಆಳು ಅನ್ನುವ ಬೈಬಲಿನ ಜ್ಞಾನೋಕ್ತಿಯನ್ನೂ ಓದಿದರಂತೆ. "ಹಾಗಾದರೆ ನನ್ನ ಕೂಸು ಆಳಾಗಿಯೇ ಹುಟ್ಟುತ್ತಾ ಮಾಮಾ?" ಅಂತ ಕೇಳಿದ್ದೀಯ.

ಇಲ್ಲ, ಮಗಳೇ. ಮೊದಲು ಅಷ್ಟು ಹೇಳಿಬಿಡುತ್ತೇನೆ. ಉಳಿದದ್ದನ್ನು ನಿಧಾನ ಓದು.

ಆ ಜ್ಞಾನೋಕ್ತಿ ಸುಳ್ಳಲ್ಲ. ನಾನು ಕಣ್ಣಾರೆ ಕಂಡಿದ್ದೇನೆ. ಅಜ್ಜ ಇನ್ನೊಬ್ಬರ ಸಾಲಕ್ಕೆ ಜಾಮೀನು ನಿಂತು ಸಿಕ್ಕಿಬಿದ್ದ ಕಥೆ ನಿನಗೆ ಗೊತ್ತೇ ಇದೆ, ಮತ್ತೆ ಬೇಡ. ಹಂಡೆ ಹೋದ ದಿನದ್ದು ಮಾತ್ರ ಹೇಳುತ್ತೇನೆ. ನನಗಾಗ ಒಂಬತ್ತು ವರ್ಷ. ಇಬ್ಬರು ಬಂದು ಬಚ್ಚಲಿನ ತಾಮ್ರದ ಹಂಡೆಯನ್ನು ಒಲೆಯಿಂದ ಕಿತ್ತರು. ಒಳಗೆ ಬಿಸಿನೀರಿತ್ತು. ಅಂಗಳಕ್ಕೆ ಸುರಿದರು, ಮಣ್ಣಿನಿಂದ ಹಬೆ ಎದ್ದಿತು. ತಳದ ಮಸಿ ಒಬ್ಬನ ಧೋತರಕ್ಕೆ ಹತ್ತಿತು. ನಮ್ಮವ್ವ ಒಳಗೆ ಹೋಗಿ ಅವನಿಗೆ ಒರೆಸಿಕೊಳ್ಳಲು ಬಟ್ಟೆ ತಂದುಕೊಟ್ಟಳು. ಬೀಸುವ ಕಲ್ಲನ್ನು ಅಡವು ಇಟ್ಟುಕೊಳ್ಳಬೇಡ, ಅದು ಜೀವವನ್ನೇ ಅಡವು ಇಟ್ಟುಕೊಂಡ ಹಾಗೆ ಅಂತ ಧರ್ಮೋಪದೇಶಕಾಂಡದಲ್ಲಿ ಇದೆಯಲ್ಲ, ಅದನ್ನು ಓದಿದಾಗಲೆಲ್ಲ ನನಗೆ ಕಾಣುವುದು ಆ ಹಂಡೆಯೇ.

ಆ ದಿನದಿಂದ ಸಾಲ ಅಂದರೆ ನನಗೆ ಹಾವು ಕಂಡ ಹಾಗೆ. ಅದರಿಂದ ಏನಾಯಿತು ಅನ್ನುವುದು ನಿನಗೆ ಗೊತ್ತಿಲ್ಲ. 1982ರಲ್ಲಿ ನಿನ್ನವ್ವನಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಫೀ ಕಟ್ಟಲು ಸೊಸೈಟಿಯಲ್ಲಿ ಸಾಲ ತೆಗೆಯಬೇಕಿತ್ತು, ಅರ್ಜಿಗೆ ನನ್ನ ಸಹಿ ಬೇಕಿತ್ತು. ನಾನು ಆ ಅರ್ಜಿಯನ್ನು ಮಡಚಿ ಸತ್ಯವೇದದೊಳಗೆ ಇಟ್ಟೆ. ಕರ್ತನು ದಾರಿ ತೋರಿಸಿದಾಗ ಓದಿದರಾಯಿತು ಅಂದೆ. ಅವಳು ಎರಡು ಸಲ ಕೇಳಿದಳು. ಮೂರನೇ ಸಲ ಕೇಳಲಿಲ್ಲ, ಹೊಲಿಗೆ ಮಷೀನಿನ ಮುಂದೆ ಕೂತಳು. ನಾನು ಅದನ್ನು ವಿಶ್ವಾಸ ಅಂದುಕೊಂಡಿದ್ದೆ. ಅದು ಬರೀ ಹೆದರಿಕೆಯಾಗಿತ್ತು. ಇವತ್ತಿನವರೆಗೂ ಅವಳು ಒಂದು ಮಾತು ಆಡಿಲ್ಲ.

ಅದಕ್ಕೇ ನಿನ್ನ ಹೆದರಿಕೆ ಓದಿ ನನಗೆ ಸಂಕಟವಾದದ್ದು. ಸಾಲ ಎಷ್ಟು ಅಂತ ಕೇಳಿದರೆ ಸಾಲದು, ಯಾತಕ್ಕೆ ಮಾಡಿದ್ದು, ತೀರಿಸುವವರು ಯಾರು ಅಂತಲೂ ಕೇಳಬೇಕು. ನಾನು ಅವತ್ತು ಕೇಳಲಿಲ್ಲ.

ದೇಶವೂ ಹಂಡೆ ಕಳೆದುಕೊಳ್ಳುವ ಸ್ಥಿತಿಗೆ ಬಂದದ್ದುಂಟು. 1991ರಲ್ಲಿ ನಮ್ಮ ಹತ್ತಿರ ಇದ್ದ ವಿದೇಶಿ ಹಣ ಎರಡು ಮೂರು ವಾರದ ಆಮದಿಗೆ ಮಾತ್ರ ಸಾಲುತ್ತಿತ್ತು. ಸುಮಾರು 47 ಟನ್ ಬಂಗಾರವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ನಲ್ಲಿ ಒತ್ತೆ ಇಟ್ಟು ಸುಮಾರು 40 ಕೋಟಿ ಡಾಲರ್ ತಂದರು. ಪೇಪರಿನಲ್ಲಿ ಓದಿ ನಾನು ಅವತ್ತು ಊಟ ಮಾಡಲಿಲ್ಲ. ಆಮೇಲೆ ಆ ಸಾಲ ತೀರಿತು. ಆದರೆ ಅದು ಹೊರಗಿನವರಿಗೆ ಡಾಲರಿನಲ್ಲೇ ಕೊಡಬೇಕಿದ್ದ ಬಾಕಿ, ಪುಟ್ಟಿ. ಈಗ ನಿನಗೆ ಹೇಳಿದ ಲೆಕ್ಕದ ಬಹುಪಾಲು ಹಾಗಲ್ಲ. ಸರ್ಕಾರ ನಮ್ಮವರಿಂದಲೇ ರೂಪಾಯಿಯಲ್ಲಿ ತಗೊಂಡದ್ದು. ಬ್ಯಾಂಕು, ಎಲ್ಐಸಿ, ಪಿಎಫ್, ಅಂಚೆ ಕಚೇರಿ.

ಅಂಚೆ ಕಚೇರಿ ಅಂದೆನಲ್ಲ. ನನ್ನ ನಿವೃತ್ತಿಯ ಹಣ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿದೆ. ನೂರಕ್ಕೆ 8.2 ಬಡ್ಡಿ. ಮೂರು ತಿಂಗಳಿಗೊಮ್ಮೆ ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಲ್ಲುತ್ತೇನೆ. ಆ ಹಣವೂ ಸರ್ಕಾರದ ಸಾಲದ ಲೆಕ್ಕಕ್ಕೇ ಹೋಗುತ್ತದೆ. ಅಂದರೆ ನಿನ್ನ ಕೂಸು ಯಾರ ಆಳು ಅಂತ ಹೆದರಿದೆಯೋ, ಆ ಸಾಲ ಕೊಟ್ಟವರಲ್ಲಿ ನಿನ್ನ ಮಾಮಾನೂ ಒಬ್ಬ. ಇದು ಹೊಳೆದ ಮೇಲೆ ನನಗೆ ಸಮಾಧಾನಕ್ಕಿಂತ ನಾಚಿಕೆ ಜಾಸ್ತಿಯಾಯಿತು.

ಯಾಕೆಂದರೆ ನಮ್ಮವರೇ ಕೊಟ್ಟ ಸಾಲ ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ. ಸತ್ಯವೇದದಲ್ಲಿ ನೆಹೆಮೀಯ ಐದನೇ ಅಧ್ಯಾಯ ತೆಗೆದು ನೋಡು. ಬರಗಾಲದಲ್ಲಿ ಜನ ಹೊಲ, ದ್ರಾಕ್ಷಿತೋಟ, ಮನೆ ಅಡವಿಟ್ಟು ಕಾಳು ತಂದರು. ಅರಸನ ಕಂದಾಯ ಕಟ್ಟಲೂ ಸಾಲ ಮಾಡಿದರು. ಮಕ್ಕಳನ್ನೇ ಆಳಾಗಿ ಕೊಡಬೇಕಾಯಿತು. ಸಾಲ ಕೊಟ್ಟವರು ಅವರ ಸ್ವಂತ ಅಣ್ಣತಮ್ಮಂದಿರು. ಅಲ್ಲಿ ಅಧಿಪತಿಯಾಗಿದ್ದ ನೆಹೆಮೀಯ ದೊಡ್ಡವರನ್ನು ಕರೆದು ಗದರಿದ. ತಾನೂ ಸಾಲ ಕೊಟ್ಟವನೇ ಅಂತ ಒಪ್ಪಿಕೊಂಡ. ಅಧಿಪತಿಗೆ ಸಿಗಬೇಕಾದ ಊಟದ ಖರ್ಚನ್ನು ಹನ್ನೆರಡು ವರ್ಷ ಮುಟ್ಟಲಿಲ್ಲ. ಈ ವರ್ಷದ, ಅಂದರೆ 2025-26ರ, ಕೇಂದ್ರ ಬಜೆಟ್ಟಿನಲ್ಲಿ ಖರ್ಚಾಗುವ ಪ್ರತಿ ರೂಪಾಯಿಯಲ್ಲಿ 20 ಪೈಸೆ ಬಡ್ಡಿಗೇ ಹೋಗುತ್ತದೆ, ರಕ್ಷಣೆಗೆ 8 ಪೈಸೆ. ಆ 20 ಪೈಸೆಯಲ್ಲಿ ಸೋಪು ಕೊಳ್ಳುವ ಕೂಲಿಯವಳ ತೆರಿಗೆಯೂ ಇದೆ. ಬಡ್ಡಿ ತಿನ್ನುವವರಲ್ಲಿ ನಾನಿದ್ದೇನೆ. ನಿನ್ನ ಹೆದರಿಕೆಯಲ್ಲಿ ನಿಜ ಇರುವುದು ಇಲ್ಲಿ.

ಆಫ್ರಿಕಾದ ಜಾಂಬಿಯಾ ದೇಶದ ವಿಷಯ ನಮ್ಮ ಚರ್ಚಿನ ಅಯ್ಯನವರು ಒಮ್ಮೆ ಪ್ರಸಂಗದಲ್ಲಿ ಹೇಳಿದ್ದರು. ಐವತ್ತು ವರ್ಷಕ್ಕೊಮ್ಮೆ ಆಳುಗಳನ್ನು ಬಿಡಬೇಕು, ಹೊಲ ಹಿಂದಿರುಗಿಸಬೇಕು ಅನ್ನುವ ಯಾಜಕಕಾಂಡದ ಜೂಬಿಲಿ ವರ್ಷದ ಮಾತು ಹಿಡಿದು, ಬಡ ದೇಶಗಳ ಸಾಲ ಬಿಡಿ ಅಂತ 1998ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸುಮಾರು 70,000 ಜನ ಕೈ ಕೈ ಹಿಡಿದು ನಿಂತರು. ಚರ್ಚುಗಳಿಂದ ಬಂದವರು ಅವರಲ್ಲಿ ಬಹಳ. ಮುಂದೆ ಜಾಂಬಿಯಾದ ಸಾಲದ ದೊಡ್ಡ ಪಾಲು ಮನ್ನಾ ಆಯಿತು, 2006ರ ಏಪ್ರಿಲ್‌ನಿಂದ ಹಳ್ಳಿಯ ಆಸ್ಪತ್ರೆಗಳಲ್ಲಿ ಫೀ ತೆಗೆದುಹಾಕಿದರು. ಬಸುರಿ ಹೆಂಗಸು ಕೈಯಲ್ಲಿ ಕಾಸಿಲ್ಲದಿದ್ದರೂ ಹೋಗಬಹುದಿತ್ತು. 2020ರಲ್ಲಿ ಅದೇ ದೇಶ ಮತ್ತೆ ಸಾಲದ ಕಂತು ಕಟ್ಟಲಾರದೆ ನಿಂತಿತು. ಅದನ್ನೂ ಹೇಳಬೇಕು, ಅಲ್ವಾ? ಆದರೂ ಆ ನಡುವಿನ ವರ್ಷಗಳಲ್ಲಿ ಅಲ್ಲಿ ಹುಟ್ಟಿದ ಮಕ್ಕಳು ಹುಟ್ಟಿದರಲ್ಲ.

ಸತ್ಯವೇದದ ಪ್ರವಾದಿ ಎಲೀಷನ ಹತ್ತಿರ ಬಂದ ವಿಧವೆ ಕೇಳಿದ್ದೂ ನೀನು ಕೇಳಿದ್ದನ್ನೇ. ಸಾಲ ಕೊಟ್ಟವನು ನನ್ನ ಇಬ್ಬರು ಮಕ್ಕಳನ್ನು ಆಳಾಗಿ ಒಯ್ಯಲು ಬಂದಿದ್ದಾನೆ ಅಂದಳು. ಎಲೀಷ ಅವಳನ್ನು ಬೈಯಲಿಲ್ಲ. ಸಾಲ ತೀರಿಸಬೇಡ ಅಂತಲೂ ಅನ್ನಲಿಲ್ಲ. ನೆರೆಮನೆಯವರಿಂದ ಖಾಲಿ ಪಾತ್ರೆ ತರಲು ಹೇಳಿದ. ಮನೆಯಲ್ಲಿದ್ದ ಒಂದು ಕುಡಿಕೆ ಎಣ್ಣೆ ಆ ಪಾತ್ರೆಗಳನ್ನೆಲ್ಲ ತುಂಬಿತು. ಆ ಎಣ್ಣೆ ಮಾರಿ ಸಾಲ ತೀರಿತು, ಉಳಿದದ್ದರಲ್ಲಿ ಅವರು ಬದುಕಿದರು. ಮಕ್ಕಳು ಮನೆಯಲ್ಲೇ ಉಳಿದರು. ಹೆತ್ತವರು ಹುಳಿ ದ್ರಾಕ್ಷಿ ತಿಂದು ಮಕ್ಕಳ ಹಲ್ಲು ಚಳಿತವು ಅನ್ನುವ ಗಾದೆಯನ್ನು ಇನ್ನು ಆಡಬೇಡಿ ಅಂತ ಪ್ರವಾದಿ ಯೆಹೆಜ್ಕೇಲನ ಬಾಯಿಂದ ದೇವರೇ ಹೇಳಿಸಿದ್ದಾನೆ. ಕಂತು ಮಕ್ಕಳ ಪಾಲಿಗೆ ಬರಬಹುದು ಪುಟ್ಟಿ, ಪಾಪ ಬರುವುದಿಲ್ಲ. ನಿನ್ನ ಕೂಸು ಆಳಲ್ಲ.

ಏನು ಮಾಡಬೇಕು ಅಂತಲೂ ಕೇಳಿದ್ದೀಯ. ನನ್ನಂಥವನು ಏನು ಹೇಳಲಿ? ಬಿಲ್ ಇಲ್ಲದೆ ಕೊಟ್ಟರೆ ಕಡಿಮೆ ಆಗುತ್ತೆ ಅಂದರೆ ಬೇಡ ಅನ್ನು, ಅಷ್ಟು ನಮ್ಮ ಕೈಯಲ್ಲಿದೆ. ಓಟು ಕೇಳಲು ಬಂದವರನ್ನು, ಕೊಡುತ್ತೀರಿ ಸರಿ, ತರುವುದು ಎಲ್ಲಿಂದ ಅಂತ ಕೇಳು. ನಾನು ಒಮ್ಮೆಯೂ ಕೇಳಿದವನಲ್ಲ. ರಾತ್ರಿ ಮೊಬೈಲಿನಲ್ಲಿ ಇಂಥದ್ದನ್ನು ಓದಬೇಡ. ಕಬ್ಬಿಣದ ಮಾತ್ರೆ ತಪ್ಪಿಸಬೇಡ. ಇದನ್ನು ಇಲ್ಲಿ ಬರೆಯಬಾರದಿತ್ತೇನೋ, ನೆನಪಾಯಿತು, ಬರೆದೆ.

ಈ ಪತ್ರವನ್ನು ನಿನ್ನವ್ವನಿಗೆ ತೋರಿಸು. ಅರ್ಜಿಯ ವಿಷಯ ಅವಳ ಎದುರು ಕೂತು ಹೇಳಲು ನನಗೆ ಇಷ್ಟು ವರ್ಷ ಧೈರ್ಯ ಸಾಲಲಿಲ್ಲ.

ಜನವರಿ ಒಂದಕ್ಕೆ ಬಡ್ಡಿ ಬರುತ್ತದೆ. ಆ ವಾರ ನೀನು ಬಾಣಂತನಕ್ಕೆ ಅವ್ವನ ಮನೆಗೆ ಬಂದಿರುತ್ತೀಯ. ಪೇಟೆಯಲ್ಲಿ ಒಂದು ತಾಮ್ರದ ಹಂಡೆ ನೋಡಿಟ್ಟಿದ್ದೇನೆ. ಗೀಸರ್ ಇದೆಯಲ್ಲ ಅಂತ ಬೇಡ ಅನ್ನಬೇಡ. ಕೂಸಿನ ನೀರಿಗೆ ಅದನ್ನೇ ಒಲೆ ಮೇಲೆ ಇಡೋಣ.

ನಿನ್ನ
ಮಾಮಾ