ನಿಲ್ಲಲು ಆಗದವರು ಮೆಟ್ಟಿಲು ಹತ್ತಬೇಕೇ?

ಸಂಪಾದಕರಿಗೆ ನಮಸ್ಕಾರ,

ಹೋಟೆಲ್ ತಿಂಡಿ ಬೆಲೆ ಏರಿದ ಬಗ್ಗೆ ನಿಮ್ಮ ಓದುಗರ ಅಂಕಣದಲ್ಲಿ ಆಗಾಗ ಪತ್ರಗಳು ಬರುತ್ತವೆ. ನಾನು ಬೆಲೆ ವಿಷಯಕ್ಕೆ ಹೋಗುವುದಿಲ್ಲ. ನಂದಿನಿ ಹಾಲು 2025ರ ಏಪ್ರಿಲ್‌ನಲ್ಲಿ ಒಂದೇ ಸಲಕ್ಕೆ ಲೀಟರಿಗೆ 4 ರೂಪಾಯಿ ಏರಿತು, ಕಾಫಿ ಬೀಜದ ಬೆಲೆ ಏರಿತು, ಮತ್ತೆ ಕಾಫಿ ಮಾತ್ರ ಹಳೇ ಬೆಲೆಗೇ ಕೊಡಿ ಅಂದರೆ ಯಾರು ಕೊಡುತ್ತಾರೆ? ನನ್ನ ತಕರಾರು ಇರುವುದು ಕುರ್ಚಿಯ ಬಗ್ಗೆ. ಬೆಂಗಳೂರಿನಲ್ಲಿ ಹೆಸರು ಮಾಡಿದ, ಯಾವಾಗ ಹೋದರೂ ಜನ ತುಂಬಿರುವ ತಿಂಡಿ ಹೋಟೆಲ್‌ಗಳಲ್ಲಿ ವಯಸ್ಸಾದವರು ಕೂತುಕೊಂಡು ಎರಡು ಇಡ್ಲಿ ತಿನ್ನುವುದಕ್ಕೆ ಜಾಗವೇ ಇಲ್ಲದ ಹಾಗಾಗಿದೆ.

ನಮ್ಮತ್ತೆಗೆ ಎಪ್ಪತ್ತರ ಮೇಲಾಯಿತು. ಎರಡೂ ಮಂಡಿ ನೋವು, ಕೈಯಲ್ಲಿ ಊರುಗೋಲು, ಎತ್ತರ ಐದಡಿಗೂ ಕಮ್ಮಿ. ಬಾಯಿರುಚಿ ಮಾತ್ರ ಚೆನ್ನಾಗಿದೆ, ಹೊರಗೆ ಹೋದರೆ ಖಾರಾಬಾತ್ ಬೇಕು, ಅದರ ಮೇಲೊಂದು ಸ್ಟ್ರಾಂಗ್ ಕಾಫಿ ಬೇಕು. ಅವರನ್ನು ಕರೆದುಕೊಂಡು ದಕ್ಷಿಣ ಬೆಂಗಳೂರಿನ ಒಂದು ದೊಡ್ಡ ಹೆಸರಿನ ಹೋಟೆಲ್‌ಗೆ ಹೋಗಿದ್ದೆ. ಹೆಸರು ಬೇಡ ಬಿಡಿ, ಇದು ಒಂದೇ ಹೋಟೆಲ್ಲಿನ ಕಥೆಯೂ ಅಲ್ಲ. ಭಾನುವಾರ ಬೆಳಿಗ್ಗೆ, ಕ್ಯೂ ಫುಟ್‌ಪಾತ್‌ವರೆಗೂ ಬಂದಿತ್ತು. ಬಿಲ್ ಮಾಡಿಸಿ, ಟೋಕನ್ ಕೊಟ್ಟು, ತಟ್ಟೆ ಹಿಡಿದು ತಿರುಗಿ ನೋಡಿದರೆ ನಿಂತು ತಿನ್ನುವ ಟೇಬಲ್ ಬಿಟ್ಟರೆ ಬೇರೆ ಏನೂ ಇಲ್ಲ. ಆ ಗ್ರಾನೈಟ್ ಟೇಬಲ್ ನಮ್ಮತ್ತೆಯ ಎದೆಗಿಂತ ಮೇಲಿತ್ತು. ತಟ್ಟೆ ಗಲ್ಲದ ಹತ್ತಿರ, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಚಮಚ. ಸಾಂಬಾರ್ ಬಟ್ಟಲು ತಮ್ಮ ಕಡೆ ಎಳೆದುಕೊಳ್ಳೋಣ ಅಂದರೆ ಮೂರನೇ ಕೈ ಬೇಕು. ಕಾಫಿ ಲೋಟ ಅಂಚು ಹಿಡಿದರೂ ಸುಡುತ್ತಿತ್ತು. ಕೈ ಸ್ವಲ್ಪ ನಡುಗುವವರು ಅಷ್ಟು ಎತ್ತರದಿಂದ ಅದನ್ನು ಎತ್ತಿ ಕುಡಿಯುವುದು ಹೇಗೆ ಅಂತ ನೀವೇ ಯೋಚನೆ ಮಾಡಿ.

ಕ್ಯಾಷ್ ಕೌಂಟರ್‌ನಲ್ಲಿ ಕೇಳಿದೆ, ಒಂದು ಸ್ಟೂಲ್ ಇದ್ದರೆ ಕೊಡಿ, ದೊಡ್ಡವರಿದ್ದಾರೆ ಅಂತ. ಕೂತಿದ್ದ ಹುಡುಗ ಒರಟಾಗೇನೂ ಮಾತಾಡಲಿಲ್ಲ. "ಮೇಡಂ, ಮೇಲೆ ಸರ್ವೀಸ್ ಇದೆ, ಆರಾಮಾಗಿ ಕೂತ್ಕೋಬಹುದು, ಹೋಗಿ ಮೇಡಂ" ಅಂದ. ಮೇಲೆ ಅಂದರೆ ಮೊದಲನೇ ಮಹಡಿ. ಕಡಿದಾದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಒಂದೇ ಕಡೆ. ಲಿಫ್ಟ್ ಇಲ್ಲ. ಅಂದರೆ ಇಲ್ಲಿ ಗಟ್ಟಿಯಾಗಿರುವವರು ಕೆಳಗೇ ನಿಂತು ತಿನ್ನಬಹುದು, ನಿಲ್ಲಲು ಆಗದವರು ಮೆಟ್ಟಿಲು ಹತ್ತಿ ಮೇಲೆ ಹೋಗಬೇಕು! ಅದೂ ಹೋಗಲಿ, ಮೇಲೆ ಅದೇ ಖಾರಾಬಾತಿಗೆ ರೇಟ್ ಬೇರೆ, ಎ.ಸಿ. ಹಾಲ್ ಅಂತ. ನಮ್ಮತ್ತೆ ಒಂದು ಸಲ ಮೆಟ್ಟಿಲು ನೋಡಿದರು, ಒಂದು ಸಲ ನನ್ನ ಮುಖ ನೋಡಿದರು. "ಬೇಡ ಬಿಡಮ್ಮ, ಮನೇಲಿ ಉಪ್ಪಿಟ್ಟು ಮಾಡಿದ್ರಾಯ್ತು" ಅಂದರು. ಅರ್ಧ ತಿಂದ ತಟ್ಟೆ ಅಲ್ಲೇ ಬಿಟ್ಟು ಬಂದೆವು.

ಇದು ಬರೀ ನಮ್ಮ ಮನೆಯ ಗೋಳು ಅಂದುಕೊಳ್ಳಬೇಡಿ. ಯಾವ ಬಡಾವಣೆಗಾದರೂ ಹೋಗಿ, ಕೆಳಗೆ ಸೆಲ್ಫ್ ಸರ್ವೀಸ್, ಮೇಲೆ ಕೂರುವ ಜಾಗ, ಇದೇ ಲೆಕ್ಕ. ಹೊಟ್ಟೆ ಹೊತ್ತ ಬಸುರಿ, ಮಗು ಎತ್ತಿಕೊಂಡು ಬಂದ ತಾಯಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಹುಡುಗ, ಎಲ್ಲರಿಗೂ ಇದೇ ಪಾಡು.

ಹಾಗಂತ ನಿಂತು ತಿನ್ನುವ ಹೋಟೆಲ್‌ಗಳೇ ಕೆಟ್ಟವು ಅಂತ ನಾನು ಹೇಳುವುದಿಲ್ಲ, ಹೇಳಿದರೆ ತಪ್ಪಾಗುತ್ತದೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ಊರಿಗೆ ಅದೊಂದು ಉಪಕಾರವೇ ಆಯಿತು. ಚಿಕ್ಕ ಜಾಗ, ಕಣ್ಣೆದುರಿಗೇ ಅಡುಗೆ, ಸಪ್ಲೈಯರ್ ಇಲ್ಲ, ಕುರ್ಚಿ ಇಲ್ಲ, ಅದಕ್ಕೇ ಬೆಲೆ ಕಮ್ಮಿ. ಆಫೀಸಿಗೆ ಓಡುವವರು, ಆಟೋದವರು, ಕಾಲೇಜು ಮಕ್ಕಳು ಹತ್ತು ನಿಮಿಷದಲ್ಲಿ ತಿಂದು ಹೋಗುತ್ತಿದ್ದರು. ಕೂರಿಸಿದರೆ ಅದೇ ಮನುಷ್ಯ ಅರ್ಧ ಗಂಟೆ ಏಳುವುದಿಲ್ಲ, ಬೈಟು ಕಾಫಿ ಹೇಳಿ ಊರಿನ ರಾಜಕೀಯ ಪೂರ್ತಿ ಮುಗಿಸಿ ಏಳುತ್ತಾನೆ. ಬಾಡಿಗೆ ಕಟ್ಟುವ ಮಾಲೀಕನಿಗೆ ಇದು ಚೆನ್ನಾಗಿ ಗೊತ್ತು. ಜೊತೆಗೆ ಸಪ್ಲೈಯರ್‌ಗಳೇ ಸಿಗುವುದಿಲ್ಲ ಈಗ. ಹಿಂದೆ ಕುಂದಾಪುರ, ಉಡುಪಿ ಕಡೆಯಿಂದ ಹುಡುಗರು ಬರುತ್ತಿದ್ದರು, ಒಂದೇ ಉಸಿರಿನಲ್ಲಿ ಇಡ್ಲಿಯಿಂದ ಹಿಡಿದು ಜಾಮೂನಿನವರೆಗೆ ಏನೇನಿದೆ ಅಂತ ಒಪ್ಪಿಸುತ್ತಿದ್ದರು, ಎಂಟು ಜನರ ಆರ್ಡರ್ ತಲೆಯಲ್ಲೇ ಇಟ್ಟುಕೊಂಡು ಬಿಲ್ ಹೇಳುತ್ತಿದ್ದರು. ಆ ಹುಡುಗರ ಮಕ್ಕಳು ಓದಿ ಬೇರೆ ಕೆಲಸಕ್ಕೆ ಹೋದರು, ಹೋಗಲೇಬೇಕು. ಈಗ ಬಿಹಾರ, ಒಡಿಶಾ, ಅಸ್ಸಾಂ ಕಡೆಯವರು ಬರುತ್ತಾರೆ, ಅವರೂ ಬೆಳಗಿನ ಜಾವದಿಂದ ರಾತ್ರಿವರೆಗೆ ನಿಂತೇ ಇರುತ್ತಾರೆ ಪಾಪ.

ಇದೆಲ್ಲ ಒಪ್ಪಿದೆ. ಆದರೆ ಅವತ್ತಿನ ದರ್ಶಿನಿಯಲ್ಲಿ ನಿಂತು ತಿಂದಿದ್ದಕ್ಕೆ ದುಡ್ಡು ಉಳಿಯುತ್ತಿತ್ತು. ಈಗ ಕೆಲವು ಹೊಸ ಜಾಗಗಳಲ್ಲಿ ಕೂರಿಸುವ ಹೋಟೆಲ್ಲಿನ ರೇಟ್ ಕೊಟ್ಟೂ ನಿಂತೇ ತಿನ್ನಬೇಕು. ಮೊದಲು ಬಿಲ್ಲಿಗೆ ಒಂದು ಕ್ಯೂ, ಆಮೇಲೆ ದೋಸೆಗೆ ಒಂದು ಕ್ಯೂ, ಕಾಫಿಗೆ ಇನ್ನೊಂದು. ಮೂರು ಕ್ಯೂ ಮುಗಿಸುವಷ್ಟರಲ್ಲಿ ದೋಸೆ ಮೆತ್ತಗಾಗಿರುತ್ತದೆ. ಜನ ಬರುತ್ತಲೇ ಇದ್ದಾರಲ್ಲ, ಇನ್ನೇನು ಬೇಕು ಅನ್ನುವ ಧೋರಣೆ.

ಜನ ಜಾಸ್ತಿ ಬಂದರೆ ಕೂರಿಸಲು ಆಗುವುದಿಲ್ಲ ಅನ್ನುವ ಮಾತನ್ನಂತೂ ನಾನು ನಂಬುವುದಿಲ್ಲ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಿಂದ ನಡೆಯುತ್ತಿದೆ. ಅಷ್ಟೇ ಜಾಗ, ಮೇಲಿಂದ ಮೇಲೆ ಜನ. ಆದರೂ ಕೂತೇ ತಿನ್ನುತ್ತಾರೆ. ಪಂಚೆ ಉಟ್ಟ ಸಪ್ಲೈಯರ್ ಮೊಣಕೈವರೆಗೂ ಹತ್ತಾರು ದೋಸೆ ತಟ್ಟೆ ಜೋಡಿಸಿಕೊಂಡು ಬರುವುದನ್ನು ನೋಡಲೆಂದೇ ಹೋಗುವವರಿದ್ದಾರೆ. ಅದೊಂದು ಸರ್ಕಸ್ ಅಂತ ಎಲ್ಲರೂ ಫೋಟೋ ತೆಗೆಯುತ್ತಾರೆ, ನನಗೆ ಕಾಣುವುದು ಬೇರೆ. ಒಂದು ಓಡಾಟದಲ್ಲಿ ಮೂರು ನಾಲ್ಕು ಟೇಬಲ್ಲಿಗೆ ದೋಸೆ ಮುಟ್ಟಿತು ಅಂದರೆ ಅಷ್ಟೂ ಜನ ಒಟ್ಟಿಗೆ ತಿನ್ನಲು ಶುರು ಮಾಡಿದರು, ಒಟ್ಟಿಗೆ ಎದ್ದರು, ಹೊರಗೆ ನಿಂತವರು ಬೇಗ ಒಳಗೆ ಬಂದರು. ರಶ್ ಇರುವ ಜಾಗದಲ್ಲಿ ಇದಕ್ಕಿಂತ ಜಾಣತನ ಇನ್ನೇನು ಬೇಕು? ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. 1924ರಷ್ಟು ಹಳೆಯದು. ಅದೂ ಹಳೇ ಕಾಲದ ಕಟ್ಟಡ, ಮೆಟ್ಟಿಲು ಅಲ್ಲೂ ಇದೆ. ಆದರೆ ಹೆಸರು ಬರೆಸಿ ಕೂತಿದ್ದರೆ ಸರದಿ ಬಂದಾಗ ಕರೆಯುತ್ತಾರೆ. ಕಾಯುವವರೂ ಗಿರಾಕಿಗಳೇ, ಅವರಿಗೂ ಕೂರಲು ಜಾಗ ಬೇಕು ಅಂತ ಯಾರೋ ಪುಣ್ಯಾತ್ಮರು ಯೋಚಿಸಿದ್ದಾರೆ ಅಲ್ವಾ? ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ತತ್ವಾರ ಬಂದಾಗ ರವೆ ಇಡ್ಲಿ ಶುರು ಮಾಡಿದ್ದು ನಾವೇ ಅಂತ ಎಂ.ಟಿ.ಆರ್.ನವರು ಹೇಳಿಕೊಳ್ಳುತ್ತಾರೆ. ಅಕ್ಕಿ ಇಲ್ಲ ಅಂದರೆ ರವೆಯಲ್ಲಿ ಇಡ್ಲಿ ಮಾಡಿದ ಊರಿದು, ಇಲ್ಲಿ ನಾಲ್ಕು ಕುರ್ಚಿ ಹಾಕುವುದಕ್ಕೆ ದಾರಿ ಹೊಳೆಯುವುದಿಲ್ಲವೇ?

ಈಗ ಗಿರಾಕಿಗಳ ಮಾತಿಗೆ ಬರುತ್ತೇನೆ. ನಾವೂ ಏನು ಕಮ್ಮಿ ಇಲ್ಲ. ಕೂರುವ ಹೋಟೆಲ್ಲಿಗೆ ಹೋದರೆ ಊಟ ಮಾಡುತ್ತಿರುವವರ ಬೆನ್ನಿಗೇ ಬಂದು ನಿಲ್ಲುತ್ತೇವೆ. ಕುರ್ಚಿಯ ಮೇಲೆ ಒಂದು ಕೈ. ಅವರು ಕೊನೆಯ ತುತ್ತು ಎತ್ತಿದ್ದೇ ತಡ, ಬಸ್ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದ ಹಾಗೆ ಬ್ಯಾಗ್ ಇಡುತ್ತೇವೆ. ತಿನ್ನುವವರಿಗೆ ಗಂಟಲಲ್ಲಿ ಇಳಿಯಬೇಕಲ್ಲ? ಪರಿಚಯ ಇಲ್ಲದವರ ಜೊತೆ ಟೇಬಲ್ ಹಂಚಿಕೊಳ್ಳುವುದು ನಮ್ಮ ಊರಿನ ಒಳ್ಳೇ ಪದ್ಧತಿ, "ಇಲ್ಲಿ ಯಾರಾದ್ರೂ ಬರ್ತಾರಾ?" ಅಂತ ಕೇಳಿ ಎದುರಿಗೆ ಕೂತು, ಚಟ್ನಿ ಈಚೆ ಕೊಡಿ ಅಂತ ಅವರನ್ನೇ ಕೇಳಬಹುದು. ಬೆನ್ನ ಹಿಂದೆ ಕಾವಲು ನಿಲ್ಲುವುದು ಬೇರೆ.

ಇನ್ನು ತಿಂದು ಮುಗಿಸಿ, ಕೈ ತೊಳೆದು ಬಂದು, ಮತ್ತೆ ಅಲ್ಲೇ ಕೂತು ಮೊಬೈಲ್ ತಿಕ್ಕುವವರಿದ್ದಾರೆ. ದೋಸೆ ಬಂದ ಮೇಲೆ ಅದನ್ನು ನಾಲ್ಕು ಕಡೆಯಿಂದ ವಿಡಿಯೋ ಮಾಡಿ, ಬೆಣ್ಣೆ ಕರಗುವುದನ್ನು ಹತ್ತಿರದಿಂದ ಇನ್ನೊಂದು ಸಲ ಮಾಡಿ, ಆಮೇಲೆ ತಿನ್ನಲು ಶುರು ಮಾಡುವ ಮಕ್ಕಳೂ ಇದ್ದಾರೆ. ಮಾಡಿಕೊಳ್ಳಲಿ, ವಯಸ್ಸು. ಆದರೆ ಪಕ್ಕದಲ್ಲಿ ಒಬ್ಬ ಅಜ್ಜ ತಟ್ಟೆ ಹಿಡಿದು ಅತ್ತಿತ್ತ ನೋಡುತ್ತಿದ್ದರೆ ಸ್ವಲ್ಪ ಸರಿದುಕೊಳ್ಳಬಹುದಲ್ಲ? ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಕಡೆ ಬೆಳಿಗ್ಗೆ ಹೋಗಿ ನೋಡಿ. ಸಾಂಬಾರ್ ಇಲ್ಲ, ಬರೀ ಚಟ್ನಿ, ಬೇಕಾದಷ್ಟು ಸಲ ಹಾಕಿಸಿಕೊಳ್ಳಬಹುದು. ತಿನ್ನುವುದು ರಸ್ತೆ ಬದಿಯಲ್ಲೇ. ಅಲ್ಲಿ ದೊಡ್ಡವರು ಬಂದರೆ ಕಟ್ಟೆ ಮೇಲೆ ಕೂತ ಹುಡುಗರು ತಾವಾಗೇ ಏಳುವುದನ್ನು ಕಂಡಿದ್ದೇನೆ.

ಸುಮ್ನೆ ಇನ್ನೊಂದು ಮಾತು, ಮೇಲಿನ ಎ.ಸಿ. ಹಾಲ್ ಪ್ರಸ್ತಾಪ ಬಂದಿದ್ದಕ್ಕೆ. ಕೆಲವು ಕಡೆ ಕೂರಿಸಿದ ತಪ್ಪಿಗೆ ಬಿಲ್ಲಿನ ಕೆಳಗೆ ಸರ್ವೀಸ್ ಚಾರ್ಜ್ ಅಂತ ಸೇರಿಸುತ್ತಾರೆ. ಜಿ.ಎಸ್‌.ಟಿ. ಬೇರೆ, ಇದು ಬೇರೆ. ಜಿ.ಎಸ್‌.ಟಿ. ಸರ್ಕಾರದ್ದು, ಕಟ್ಟಲೇಬೇಕು. ಸರ್ವೀಸ್ ಚಾರ್ಜ್ ಹಾಗಲ್ಲ. ಅದನ್ನು ತಾವಾಗೇ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿತ್ತು. ಹೋಟೆಲ್‌ನವರ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ತೆಗೆಯಿರಿ ಅಂತ ಕೇಳಿ, ತೆಗೆಯದಿದ್ದರೆ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ತಂದುಕೊಟ್ಟ ಹುಡುಗನ ಕೈಗೆ ಹತ್ತಿಪ್ಪತ್ತು ರೂಪಾಯಿ ಇಡುವುದು ನಮ್ಮ ಇಷ್ಟ, ಇಡಿ ಅಂತಲೇ ನಾನೂ ಹೇಳುತ್ತೇನೆ.

ಹೋಟೆಲ್ ಮಾಲೀಕರಲ್ಲಿ ನಾನು ಕೇಳುವುದು ಭಾರೀ ಏನಲ್ಲ. ಹಾಲ್ ಪೂರ್ತಿ ಕುರ್ಚಿ ಹಾಕಿ ಅನ್ನುತ್ತಿಲ್ಲ. ಕೆಳಗೆ, ಕೈ ತೊಳೆಯುವ ಜಾಗದ ಪಕ್ಕವೋ ಕಂಬದ ಪಕ್ಕವೋ, ಒಂದು ತಗ್ಗಿನ ಟೇಬಲ್, ನಾಲ್ಕು ಕುರ್ಚಿ. ಗೋಡೆಗೆ ಒಂದು ಬೋರ್ಡ್, "ಹಿರಿಯರಿಗೆ, ಗರ್ಭಿಣಿಯರಿಗೆ, ಅಂಗವಿಕಲರಿಗೆ" ಅಂತ ಕನ್ನಡದಲ್ಲಿ ದಪ್ಪಗೆ. ನಮ್ಮ ಬಿ.ಎಂ.ಟಿ.ಸಿ. ಬಸ್ಸಿನಲ್ಲೇ ಹಿರಿಯರಿಗೆ ಸೀಟು ಬಿಟ್ಟಿರುತ್ತಾರೆ, ಇದೇನು ಹೊಸದಲ್ಲ. ಅಲ್ಲಿ ಕೂತವರಿಗೆ ತಟ್ಟೆ ತಂದುಕೊಡಲು ಕ್ಲೀನರ್ ಹುಡುಗರಲ್ಲೇ ಒಬ್ಬರಿಗೆ ಹೇಳಿದರೆ ಸಾಕು. ಅಕ್ಕಪಕ್ಕದಲ್ಲಿ ಹುಡುಗರು ಕೂತುಬಿಡುತ್ತಾರೆ ಅನ್ನುವುದು ನಿಜ, ಅವರನ್ನು ಏಳಿಸಲು ಕೌಂಟರ್‌ನವರೇ ಬಾಯಿ ಬಿಡಬೇಕು, ಗಿರಾಕಿ ಗಿರಾಕಿಯನ್ನು ಏಳಿಸಲು ಹೋದರೆ ಜಗಳವಾಗುತ್ತದೆ. ಕುರ್ಚಿಗೆ ಜಾಗವೇ ಇಲ್ಲ ಅನ್ನುವಷ್ಟು ಚಿಕ್ಕ ಅಂಗಡಿಯಾದರೆ ಮಡಚುವ ಸ್ಟೂಲ್ ಎರಡು ಕೌಂಟರ್ ಕೆಳಗೆ ಇಟ್ಟುಕೊಳ್ಳಿ, ಕೇಳಿದವರಿಗೆ ಕೊಡಿ. ಮೇಲಿನ ಹಾಲಿನ ರೇಟನ್ನು ಈ ಟೇಬಲ್ಲಿಗೆ ಹಾಕಬೇಡಿ, ಅಷ್ಟೇ.

ಅಧಿಕಾರಿಗಳಿಗೂ ಇದರಲ್ಲಿ ಕೆಲಸ ಇದೆ. ಇಡ್ಲಿ ಬೇಯಿಸಲು ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಾರೆ ಅಂತ 2025ರ ಫೆಬ್ರವರಿಯಲ್ಲಿ ದೊಡ್ಡ ಸುದ್ದಿಯಾಯಿತು. ಹೋಟೆಲ್‌ಗಳಿಗೆ ಹೋಗಿ ಮಾದರಿ ತಂದು ನೋಡಿದರು, ಐವತ್ತರಷ್ಟು ಕಡೆ ಸಿಕ್ಕಿಬಿತ್ತು, ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಪ್ಲಾಸ್ಟಿಕ್ ನಿಷೇಧ ಅಂದರು. ಅದಕ್ಕೂ ಹಿಂದಿನ ವರ್ಷ ಗೋಬಿ ಮಂಚೂರಿಯ ಬಣ್ಣಕ್ಕೆ ಕಡಿವಾಣ ಬಿತ್ತು. ಮನಸ್ಸು ಮಾಡಿದರೆ ಅಡುಗೆಮನೆ ಒಳಗೇ ಹೋಗಿ ನೋಡುವವರಿಗೆ ಬಾಗಿಲ ಹತ್ತಿರ ಒಂದು ಕುರ್ಚಿ ಇದೆಯೋ ಇಲ್ಲವೋ ಅಂತ ನೋಡುವುದು ಕಷ್ಟವೇ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಕಚೇರಿಗಳಿಗೆ ಮಾತ್ರ ಅಲ್ಲ, ಸೇವೆ ಕೊಡುವ ಖಾಸಗಿಯವರಿಗೂ ಅನ್ವಯಿಸುತ್ತದೆ. ಬೆಂಗಳೂರಿಗೆ ಈಗ ಒಂದರ ಬದಲು ಐದು ಪಾಲಿಕೆಗಳಾಗಿವೆ. ಹೋಟೆಲ್‌ಗಳಿಗೆ ಟ್ರೇಡ್ ಲೈಸೆನ್ಸ್ ಕೊಡುವುದು, ನವೀಕರಿಸುವುದು ಪಾಲಿಕೆಯ ಕೆಲಸ. ಆ ಅರ್ಜಿಯಲ್ಲಿ ಕೆಳ ಅಂತಸ್ತಿನಲ್ಲಿ ಕೂತು ತಿನ್ನಲು ಎಷ್ಟು ಜನರಿಗೆ ಜಾಗ ಇದೆ ಅಂತ ಒಂದು ಸಾಲು ಸೇರಿಸಿ, ಸೊನ್ನೆ ಅಂತ ಬರೆದವರ ಅರ್ಜಿಯನ್ನು ವಾಪಸ್ ಕಳಿಸಲಿ.

ಇತಿ,
ನಿಮ್ಮ ಓದುಗಳು
ಬನಶಂಕರಿ, ಬೆಂಗಳೂರು