ಭಾನುವಾರದ ಹಡಗು ಆಂಟೆನಾ ಪರೀಕ್ಷೆ: ಎಲ್ಲರೂ ಓದಿ

ಹಡಗಿನ ಆಂಟೆನಾವನ್ನು ಪುಟ್ಟ ಮಾದರಿಯ ಮೇಲೆ ಅಳೆದು ನೋಡುವ ಪರೀಕ್ಷೆ ಇದು. ಕಡಲಿಲ್ಲದ ತುಮಕೂರಿನಲ್ಲಿ ನಮಗೆ ಕಡಲೆಂದರೆ 8×4 ಅಡಿಯ ಎರಡು ಅಲ್ಯೂಮಿನಿಯಂ ಶೀಟು. ಉಪ್ಪುನೀರು ಎಚ್‌ಎಫ್‌ಗೆ (3–30 ಮೆಗಾಹರ್ಟ್ಸ್ ರೇಡಿಯೋ ತರಂಗಗಳಿಗೆ) ಒಳ್ಳೆಯ ವಾಹಕ, ಹಾಗಾಗಿ ಲೋಹದ ಹಾಳೆ ಅದರ ಬದಲಿಗೆ ನಡೆಯುತ್ತದೆ. ಹಡಗಿನ ಮಾದರಿ 1:48, ಅಂದರೆ ನಿಜದ ಅಳತೆಯ 48ನೇ ಒಂದು ಪಾಲು. ಅಳತೆ ಅಷ್ಟು ಪಟ್ಟು ಕಿರಿದಾದರೆ ಆವರ್ತನ ಅಷ್ಟೇ ಪಟ್ಟು ಹಿರಿದು: ಹಡಗಿನ 3 ಮೆಗಾಹರ್ಟ್ಸ್ ಇಲ್ಲಿ 144. 10 ಮೀಟರ್ ವಿಪ್‌ಗೆ (ನೆಟ್ಟಗೆ ನಿಲ್ಲುವ ಕಡ್ಡಿ ಆಂಟೆನಾ) 20.8 ಸೆಂ.ಮೀ. ಹಿತ್ತಾಳೆ ಕಡ್ಡಿ ಸಾಕು; ಅನುರಣನ (ಕಡ್ಡಿ ತಾನಾಗಿ ಸ್ಪಂದಿಸುವ ಆವರ್ತನ) 340–360 ಮೆಗಾಹರ್ಟ್ಸ್ ನಡುವೆ ಸಿಗಬೇಕು.

ಶೀಟುಗಳ ಜೋಡಣೆಯಲ್ಲೇ ಹೆಚ್ಚು ಎಡವಟ್ಟು. ತಾಮ್ರದ ಟೇಪಿನ ಅಂಟು ಎಷ್ಟೋ ಸಲ ವಿದ್ಯುತ್ ಹರಿಸುವುದಿಲ್ಲ. ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, 10 ಸೆಂ.ಮೀ.ಗೊಂದು ಸ್ಕ್ರೂ ಹಾಕಿ, ವಿದ್ಯುತ್ ಹರಿಯುತ್ತದೆಯೇ ಎಂದು ಮಲ್ಟಿಮೀಟರ್ ಇಟ್ಟು ನೋಡಿ. ಮಾದರಿಯ ಕ್ರೇನು, ಕಂಬ, ತಂತಿಗಳನ್ನು ಬೆಸುಗೆ ಹಾಕಿಯೇ ತನ್ನಿ. ಸಡಿಲ ತಂತಿ ಗಾಳಿಗೆ ಅಲುಗಿದರೆ ಗ್ರಾಫೂ ಕುಣಿಯುತ್ತದೆ.

ಕೇಬಲ್ ಶೀಟಿನ ಅಡಿಯಿಂದಲೇ ಬರಲಿ, ಅದರ ಹೊರಮೈಯಲ್ಲಿ ಹರಿಯುವ ಬೇಡದ ವಿದ್ಯುತ್ ತಡೆಯಲು ಫೆರೈಟ್ ಮಣಿ ಇರಲಿ. ನ್ಯಾನೋವಿಎನ್ಎ (ಆಂಟೆನಾ ಅಳೆಯುವ ಪುಟ್ಟ ಪೆಟ್ಟಿಗೆ) ಕ್ಯಾಲಿಬ್ರೇಶನ್ ಕೇಬಲ್ ತುದಿಯಲ್ಲಿ: ಓಪನ್, ಶಾರ್ಟ್, ಲೋಡ್ ಎಂಬ ಮೂರು ತುಂಡುಗಳನ್ನು ಒಂದೊಂದಾಗಿ ಸಿಕ್ಕಿಸಿ. ಪೆಟ್ಟಿಗೆಯ ಬಾಯಲ್ಲೇ ಮಾಡಿ ಆಮೇಲೆ ಕೇಬಲ್ ಸೇರಿಸಿದರೆ ಇಂಪಿಡೆನ್ಸ್ (ವಿದ್ಯುತ್ತಿಗೆ ಆಂಟೆನಾ ಒಡ್ಡುವ ತಡೆ) ಓದಿದ್ದೆಲ್ಲ ಸುಳ್ಳು. ಕೇಬಲನ್ನು ಕೈಯಲ್ಲಿ ಹಿಡಿದಾಗ ಎಸ್‌ಡಬ್ಲ್ಯುಆರ್ (ಆಂಟೆನಾ ಕೇಬಲ್‌ಗೆ ಎಷ್ಟು ಹೊಂದುತ್ತದೆ ಎಂಬ ಅಳತೆ) ಬದಲಾದರೆ ಮಣಿ ಸಾಲದು ಎಂದರ್ಥ.

ವಾಕಿಟಾಕಿಯಲ್ಲಿ 156.8 ಮೆಗಾಹರ್ಟ್ಸ್ ಒತ್ತಿ ನೋಡುವ ಚಪಲ ಬೇಡ, ಅದು ಹಡಗುಗಳ ಆಪತ್ಕರೆಯ ಚಾನೆಲ್ 16.